ಗ್ಯಾಸ್ ಮಾತ್ರೆಯ ದೂರು ಗಾಜಿಯಾಬಾದ್ ತಲುಪಲಿ

ಮಾನ್ಯ ಸಂಪಾದಕರೇ,

ನಾನು ಮಂಡ್ಯದಲ್ಲಿ ಮೆಡಿಕಲ್ ಸ್ಟೋರ್ ನಡೆಸುವವನು. ಬಾಗಿಲು ತೆಗೆದ ಕೂಡಲೇ ಶುರು, 'ಗ್ಯಾಸ್ ಮಾತ್ರೆ ಒಂದು ಸ್ಟ್ರಿಪ್ ಕೊಡಿ'. ಅವರು ಕೇಳುವ ಪ್ಯಾಂಟೊಪ್ರಜೋಲ್ ಅನ್ನುವ ಮಾತ್ರೆ ಡಾಕ್ಟರ ಚೀಟಿ ಇಲ್ಲದೆ ಕೊಡುವಂಥದ್ದಲ್ಲ. ಚೀಟಿ ಕೇಳಿದರೆ 'ಪಕ್ಕದಂಗಡೀಲಿ ಕೊಡ್ತಾರೆ ಬಿಡಿ' ಅಂತ ಹೊರಟೇಬಿಡುತ್ತಾರೆ.

ಕಬ್ಬು ಬೆಳೆಯುವ ಹಿರಿಯರೊಬ್ಬರು ಹಳೇ ಚೀಟಿಯೊಂದನ್ನು ಬಸ್ ಪಾಸಿನ ಕವರಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು. ಮಡಿಕೆಯಲ್ಲಿ ತಾರೀಖು ಅಳಿಸಿಹೋಗಿತ್ತು, ಮಾತ್ರೆಯ ಹೆಸರು ಮಾತ್ರ ಉಳಿದಿತ್ತು. ಅದನ್ನು ತೋರಿಸಿ ಸಿಕ್ಕಸಿಕ್ಕ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೊಂಡಿದ್ದಾರೆ. ಆಮೇಲೆ ಸುಸ್ತು, ವಾಕರಿಕೆ, ಊಟ ಸೇರುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಏರಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಕಿಡ್ನಿಯ ಚೂರು ತೆಗೆದು ಬಯಾಪ್ಸಿ ಮಾಡಿ, ಮಾತ್ರೆಯಿಂದಾದ ಕಿಡ್ನಿ ಉರಿಯೂತ ಅಂದರು. ಮಾತ್ರೆ ನಿಲ್ಲಿಸಿ ಸ್ಟಿರಾಯ್ಡ್ ಕೊಟ್ಟ ಮೇಲೆ ಚೇತರಿಸಿಕೊಂಡರು. ಇದು ಅಪರೂಪದ ತೊಂದರೆ, ಯಾರೂ ಹೆದರಿಕೊಂಡು ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ನೋವಿನ ಮಾತ್ರೆ, ಕೆಲವು ಆಂಟಿಬಯೋಟಿಕ್‌ಗಳಿಂದಲೂ ಬರುತ್ತದೆ. ಜ್ವರ, ಮೈಮೇಲೆ ಗಂಧೆ ಎಲ್ಲರಿಗೂ ಕಾಣಿಸಿಕೊಳ್ಳುವುದಿಲ್ಲ. ಅದಕ್ಕೇ ಗುರುತು ಸಿಗುವುದು ತಡ.

ನನ್ನ ತಕರಾರು ಬೇರೆ. ಅವರ ಡಿಸ್ಚಾರ್ಜ್ ಶೀಟಿನಲ್ಲಿ ಎಲ್ಲ ಇತ್ತು, ಮಾತ್ರೆಯ ಕಂಪನಿ, ಅದು ಯಾವ ತಯಾರಿಕೆಯದ್ದು ಅಂತ ಹೇಳುವ ಬ್ಯಾಚ್ ನಂಬರ್ ಮಾತ್ರ ಇರಲಿಲ್ಲ. ಅಡ್ಡಪರಿಣಾಮದ ವರದಿ ಕಳಿಸಿದ್ದೀರಾ ಅಂತ ಆಸ್ಪತ್ರೆಯವರನ್ನು ಫೋನಿನಲ್ಲಿ ಕೇಳಿದರೆ, 'ಅದೆಲ್ಲ ಯಾರು ಮಾಡ್ತಾರೆ ಸರ್' ಅಂದರು.

ಮಾಡಬೇಕು ಸ್ವಾಮಿ. 2010ರಿಂದ ಇದಕ್ಕೊಂದು ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ವರದಿಗಳು ಗಾಜಿಯಾಬಾದಿನಲ್ಲಿರುವ ಕೇಂದ್ರದ ಸಂಸ್ಥೆ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್‌ಗೆ ಹೋಗುತ್ತವೆ, ಅಲ್ಲಿಂದ ಸ್ವೀಡನ್ನಿನ ಉಪ್ಸಲಾದಲ್ಲಿರುವ ಜಾಗತಿಕ ದಾಖಲೆಗೆ ಸೇರುತ್ತವೆ. ಒಂದು ಮಾತ್ರೆಯ ಮೇಲೆ ಬಂದ ದೂರುಗಳಲ್ಲಿ ಕಿಡ್ನಿಯದ್ದು ಎಷ್ಟು ಪಾಲು, ಮಿಕ್ಕ ಮಾತ್ರೆಗಳಲ್ಲಿ ಎಷ್ಟು ಪಾಲು ಅಂತ ತಾಳೆ ಹಾಕುತ್ತಾರೆ. ಪಾಲು ತೀರಾ ಜಾಸ್ತಿ ಕಂಡರೆ ಅನುಮಾನ ಹುಟ್ಟುತ್ತದೆ. ಅದು ಅನುಮಾನವಷ್ಟೇ. ನೂರು ಜನ ನುಂಗಿದರೆ ಎಷ್ಟು ಜನಕ್ಕೆ ತೊಂದರೆ ಅನ್ನುವುದು ಈ ಲೆಕ್ಕದಲ್ಲಿ ಸಿಗುವುದಿಲ್ಲ, ಯಾಕೆಂದರೆ ಚೆನ್ನಾಗಿರುವವರು ವರದಿ ಬರೆಯುವುದಿಲ್ಲವಲ್ಲ. ಆದರೂ ಮುಂದಿನ ತನಿಖೆಗೆ ದಾರಿ ಅದೇ. 2019ರಲ್ಲಿ ಇದೇ ಜಾತಿಯ ಗ್ಯಾಸ್ ಮಾತ್ರೆಗಳ ಪೊಟ್ಟಣದೊಳಗಿನ ವಿವರ ಚೀಟಿಯಲ್ಲಿ ಕಿಡ್ನಿ ತೊಂದರೆಯನ್ನು ಸೇರಿಸಲು ಕೇಂದ್ರದ ಔಷಧ ನಿಯಂತ್ರಕರು ಸೂಚಿಸಿದರು. ಸ್ಟ್ರಿಪ್ ಕತ್ತರಿಸಿ ಮಾರುವ ನಮ್ಮೂರಲ್ಲಿ ಆ ವಿವರ ಚೀಟಿ ಯಾರ ಕೈಗೆ ಸಿಗುತ್ತದೆ ಹೇಳಿ!

ವರದಿಯನ್ನು ಡಾಕ್ಟರೇ ಕೊಡಬೇಕೆಂದಿಲ್ಲ. ರೋಗಿಯೂ ಕೊಡಬಹುದು, ಫಾರಂ ಕನ್ನಡದಲ್ಲೂ ಇದೆ. ಉಚಿತ ಸಹಾಯವಾಣಿ 1800-180-3024. ಆ ಹಿರಿಯರ ಫಾರಂ ಅನ್ನು ನನ್ನ ಕೌಂಟರಿನ ಮೇಲೇ ಇಬ್ಬರೂ ಕೂತು ತುಂಬಿದೆವು. ಬ್ಯಾಚ್ ನಂಬರ್ ಜಾಗ ಖಾಲಿಯೇ ಹೋಯಿತು.

ಡ್ರಗ್ ಇನ್‌ಸ್ಪೆಕ್ಟರ್ ಬಂದಾಗ ಲೈಸೆನ್ಸ್, ಫ್ರಿಜ್, ಬಿಲ್ ಬುಕ್ ನೋಡುತ್ತಾರೆ. ಸಹಾಯವಾಣಿಯ ನಂಬರನ್ನು ಗೋಡೆಗೆ ಅಂಟಿಸಿದ್ದೀರಾ, ಫಾರಂ ಇಟ್ಟಿದ್ದೀರಾ ಅಂತಲೂ ಕೇಳಲಿ. ನನ್ನ ಅಂಗಡಿಯಿಂದಲೇ ಶುರು ಮಾಡಲಿ. ಗಿರಾಕಿಗಳೂ ಅಷ್ಟೇ, ನಾಲ್ಕೇ ಮಾತ್ರೆ ಕೊಂಡರೂ 'ಬಿಲ್ ಬೇಡ' ಅನ್ನಬೇಡಿ. ಬ್ಯಾಚ್ ನಂಬರ್ ಇರುವುದು ಅದರಲ್ಲೇ.

– ಔಷಧ ವ್ಯಾಪಾರಿ, ಮಂಡ್ಯ