ರಿಯಾಯಿತಿ ದಿನಸಿ: ಶೇಕಡಾವಾರು ಸಾಕು, ಕಿಲೋ ದರ ತಿಳಿಸಿ

ಮಾನ್ಯ ಸಂಪಾದಕರೇ,

ಹಬ್ಬಗಳು ಹತ್ತಿರ ಬಂದವೆಂದರೆ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲಿ ದಿನಸಿ ಮಳಿಗೆಗಳ ರಿಯಾಯಿತಿ ಜಾಹೀರಾತುಗಳು ಪುಟ ತುಂಬುತ್ತವೆ. ಬೆಲೆ ಇಳಿದಾಗ ಎರಡು ಮೂರು ತಿಂಗಳಿಗಾಗುವಷ್ಟು ಸಾಮಾನು ತಂದಿಟ್ಟುಕೊಂಡು ಖರ್ಚು ಉಳಿಸುವುದು ಜಾಣತನವೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೆಲೆ ನಿಜವಾಗಿಯೂ ಇಳಿದಿದೆಯೇ ಎಂದು ತೀರ್ಮಾನಿಸಲು ಬೇಕಾದ ಅಂಕಿ, ಅಂದರೆ ಕಿಲೋಗೆ ಅಥವಾ ಲೀಟರಿಗೆ ಎಷ್ಟು ಬೀಳುತ್ತದೆ ಎಂಬ ದರ, ಆ ಜಾಹೀರಾತುಗಳಲ್ಲಿ ಕಾಣುವುದೇ ಅಪರೂಪ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ.

ಶೇಕಡಾ ಇಪ್ಪತ್ತೈದು ರಿಯಾಯಿತಿ ಎಂದರೆ ಗರಿಷ್ಠ ಮಾರಾಟ ಬೆಲೆಯ ಮೇಲಿನ ರಿಯಾಯಿತಿ. ಆ ಗರಿಷ್ಠ ಬೆಲೆಯನ್ನು ಗೊತ್ತುಮಾಡುವವರು ತಯಾರಕರೇ. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಮಾರಬಾರದೆಂದು ಕಾನೂನು ಹೇಳುತ್ತದೆಯೇ ಹೊರತು, ಅದನ್ನು ಮೊದಲೇ ಏರಿಸಿ ಮುದ್ರಿಸಿ ಆಮೇಲೆ ಇಳಿಸಿ ಮಾರುವುದಕ್ಕೆ ಸಾಮಾನ್ಯ ದಿನಸಿಯ ಮಟ್ಟಿಗೆ ಅಡ್ಡಿಯೇನೂ ಇಲ್ಲ. ಉದಾಹರಣೆಗೆ, 240 ರೂಪಾಯಿ ಮುದ್ರಿತ ಬೆಲೆಯ 400 ಗ್ರಾಂ ಚಹಾಪುಡಿ ಕಾಲು ಭಾಗ ರಿಯಾಯಿತಿ ಕಳೆದು 180ಕ್ಕೆ ಸಿಕ್ಕಿತೆಂದುಕೊಳ್ಳೋಣ. ಗ್ರಾಂಗೆ 45 ಪೈಸೆ ಆಯಿತು. ಪಕ್ಕದಲ್ಲೇ ಯಾವ ರಿಯಾಯಿತಿಯೂ ಇಲ್ಲದ ಒಂದು ಕಿಲೋ ಪೊಟ್ಟಣ 420 ರೂಪಾಯಿಗೆ ಇದ್ದರೆ ಅಲ್ಲಿ ಗ್ರಾಂಗೆ 42 ಪೈಸೆ. ಬಣ್ಣದ ಚೀಟಿ ಅಂಟಿಸಿರುವುದು ಮಾತ್ರ ಮೊದಲನೆಯದಕ್ಕೆ. ಹಾಗೆಂದು ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗ ಎಂದು ನಂಬುವಂತೆಯೂ ಇಲ್ಲ. ಶಾಂಪೂವಿನಂಥ ಸಾಮಾನಿನಲ್ಲಿ ಒಂದೆರಡು ರೂಪಾಯಿಯ ಚಿಕ್ಕ ಸ್ಯಾಶೆಗಳೇ ಎಷ್ಟೋ ಸಲ ದೊಡ್ಡ ಬಾಟಲಿಗಿಂತ ಕಡಿಮೆ ದರಕ್ಕೆ ಬೀಳುತ್ತವೆ.

ಈ ಗೊಂದಲಕ್ಕೆ ಕಾನೂನಿನಲ್ಲಿ ಅರ್ಧ ಪರಿಹಾರ ಈಗಾಗಲೇ ಇದೆ. 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ತಂದ ತಿದ್ದುಪಡಿಯು ಗ್ರಾಂ, ಕಿಲೋ ಅಥವಾ ಲೀಟರ್ ಒಂದಕ್ಕೆ ಎಷ್ಟು ಬೆಲೆ ಎಂಬುದನ್ನು ಪೊಟ್ಟಣದ ಮೇಲೆ ಮುದ್ರಿಸುವುದನ್ನು ಕಡ್ಡಾಯಗೊಳಿಸಿತು. ಅದೇ ತಿದ್ದುಪಡಿ ಅಡುಗೆ ಎಣ್ಣೆ, ಬಿಸ್ಕತ್ತು, ಚಹಾ ಮೊದಲಾದವನ್ನು ಇಂತಿಷ್ಟೇ ತೂಕದಲ್ಲಿ ಮಾರಬೇಕೆಂಬ ಹಳೆಯ ಪಟ್ಟಿಯನ್ನು ತೆಗೆದುಹಾಕಿತು. ಅದರ ಫಲವಾಗಿ, ನೋಡುವುದಕ್ಕೆ ಒಂದು ಲೀಟರಿನಂತೆಯೇ ಕಾಣುವ ಎಣ್ಣೆಯ ಪೊಟ್ಟಣಗಳಲ್ಲಿ ಒಂದರಲ್ಲಿ 910 ಗ್ರಾಂ ಇದ್ದರೆ ಇನ್ನೊಂದರಲ್ಲಿ 850 ಗ್ರಾಂ ಇರುತ್ತದೆ. ತೂಕದ ಸ್ವಾತಂತ್ರ್ಯ ತಯಾರಕರಿಗೆ ಚೆನ್ನಾಗಿ ಒದಗಿತು. ಗ್ರಾಹಕರಿಗೆ ಒದಗಬೇಕಾದ ದರ ಮಾತ್ರ ಪೊಟ್ಟಣದ ಮೂಲೆಯಲ್ಲಿ ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣಕ್ಷರದಲ್ಲಿದೆ. ಕಂಡರೂ ಅದು ಮುದ್ರಿತ ಬೆಲೆಯ ಲೆಕ್ಕವೇ ಹೊರತು ರಿಯಾಯಿತಿ ಕಳೆದ ಮೇಲಿನ ಲೆಕ್ಕವಲ್ಲ.

ಇನ್ನು ತಂದಿಟ್ಟುಕೊಳ್ಳುವ ವಿಷಯ. ವರ್ಷದ ದಿನಸಿ ಒಟ್ಟಿಗೆ ಕೊಳ್ಳುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹಿರಿಯರು ಅದನ್ನು ಸುಗ್ಗಿ ನೋಡಿ ಮಾಡುತ್ತಿದ್ದರು. ಕಲಬುರಗಿಯ ತೊಗರಿ ಮಾರುಕಟ್ಟೆಗೆ ಬರುವುದು ಡಿಸೆಂಬರ್, ಜನವರಿಯ ಹೊತ್ತಿಗೆ. ಬ್ಯಾಡಗಿ ಮೆಣಸಿನಕಾಯಿಯ ಆವಕ ಜೋರಾಗುವುದೂ ಹುಣಸೆ ಹೊಸದಾಗಿ ಸಿಗುವುದೂ ಬೇಸಿಗೆಯ ಆರಂಭದಲ್ಲಿ. ಆಗ ಕೊಂಡು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಬೇಳೆಗೆ ತುಸು ಹರಳೆಣ್ಣೆ ಸವರಿ, ಡಬ್ಬದ ತಳಕ್ಕೆ ಒಣಗಿದ ಬೇವಿನ ಸೊಪ್ಪು ಹಾಕಿಟ್ಟರೆ ಮಳೆಗಾಲ ಕಳೆಯುವವರೆಗೆ ಹುಳುವಿನ ಚಿಂತೆ ಬಹಳಮಟ್ಟಿಗೆ ದೂರ. ಮಲೆನಾಡು, ಕರಾವಳಿಯ ಮನೆಗಳಲ್ಲಂತೂ ಜೂನ್‌ಗೆ ಮುಂಚೆ ಇವೆಲ್ಲ ಒಳಗೆ ಸೇರದಿದ್ದರೆ ಆಷಾಢ ಕಳೆಯುವುದೇ ಕಷ್ಟವಾಗಿತ್ತು. ಇಂದಿನ ಮಳಿಗೆಗಳ ರಿಯಾಯಿತಿಗೂ ಸುಗ್ಗಿಗೂ ಸಂಬಂಧವಿರುವುದು ಕಡಿಮೆ. ಅಲ್ಲಿ ಅಗ್ಗವಾಗುವುದು ಹೆಚ್ಚಾಗಿ ಯಾವ ಸರಕು ಗೋದಾಮಿನಿಂದ ಬೇಗ ಖಾಲಿಯಾಗಬೇಕೋ ಅದು.

ಆದ್ದರಿಂದ ಬೆಲೆಯ ಜೊತೆಗೆ ಬಾಳಿಕೆಯನ್ನೂ ನೋಡಬೇಕಾಗುತ್ತದೆ. ಅಕ್ಕಿ ಹಳತಾದಷ್ಟೂ ಅನ್ನ ಉದುರುದುರಾಗುತ್ತದೆ, ಮೂಟೆ ತಂದಿಟ್ಟರೆ ನಷ್ಟವಿಲ್ಲ. ಬಟ್ಟೆ ಸೋಪು, ಪಾತ್ರೆ ಸೋಪು, ಉಪ್ಪು ಕೆಡುವಂಥವಲ್ಲ. ರವೆಯನ್ನು ಹುರಿದಿಟ್ಟುಕೊಂಡರೆ ಕೆಲವು ವಾರ ಉಳಿದೀತು. ಗೋಧಿ ಹಿಟ್ಟು, ಕಡಲೆಕಾಯಿ ಬೀಜ, ಎಣ್ಣೆಯ ಮಾತು ಬೇರೆ. ಶ್ರಾವಣದ ತೇವಕ್ಕೆ ಹಿಟ್ಟಿನಲ್ಲಿ ಹುಳು ಕಟ್ಟುತ್ತದೆ, ಎಣ್ಣೆ ಬಹುಕಾಲ ಇಟ್ಟರೆ ಕಮಟು ಹಿಡಿಯುತ್ತದೆ. ತಾರಸಿಯೂ ಬಿಸಿಲೂ ಇಲ್ಲದ ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಹತ್ತು ಕಿಲೋ ಹಿಟ್ಟು ಉಳಿತಾಯವಾಗಲಾರದು. ಬಿಸ್ಕತ್ತು, ಚಿಪ್ಸ್‌ಗಳಂತೂ ಮನೆಯಲ್ಲಿ ಎಷ್ಟಿದ್ದರೆ ಅಷ್ಟೂ ಖರ್ಚಾಗುತ್ತವೆ, ಮಕ್ಕಳಿರುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. "ಒಂದು ಕೊಂಡರೆ ಒಂದು ಉಚಿತ" ಎಂದು ಕೊಡುವ ಪೊಟ್ಟಣಗಳ ದಿನಾಂಕವನ್ನಂತೂ ತಪ್ಪದೆ ನೋಡಬೇಕು. ಆನ್‌ಲೈನಿನಲ್ಲಿ ಮಾರುವ ಆಹಾರ ಪದಾರ್ಥ ಮನೆ ತಲುಪುವಾಗ ಅದರ ಬಾಳಿಕೆಯ ಅವಧಿಯಲ್ಲಿ ಶೇಕಡಾ 30 ಭಾಗವೋ 45 ದಿನಗಳೋ ಉಳಿದಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಸೂಚಿಸಿದೆ. ಮಳಿಗೆಯ ರಿಯಾಯಿತಿ ಸರಕಿಗೂ ಇಂಥದೊಂದು ಮಿತಿ ಇದ್ದರೆ ಒಳ್ಳೆಯದಲ್ಲವೇ?

ತೆರಿಗೆಯ ಲೆಕ್ಕವೂ ಇದರೊಳಗೆ ಸೇರಿಕೊಂಡಿದೆ. 2022ರ ಜುಲೈನಿಂದ 25 ಕಿಲೋವರೆಗಿನ ಮುದ್ರಿತ ಪೊಟ್ಟಣದ ಅಕ್ಕಿ, ಬೇಳೆ, ಹಿಟ್ಟಿಗೆ ಶೇಕಡಾ 5 ಜಿಎಸ್‌ಟಿ ಬಿದ್ದಾಗ ಮಾರುಕಟ್ಟೆಯಲ್ಲಿ 26 ಕಿಲೋ ಅಕ್ಕಿ ಚೀಲ ಹುಟ್ಟಿಕೊಂಡದ್ದು ಓದುಗರಿಗೆ ನೆನಪಿರಬಹುದು. ಕಿರಾಣಿ ಅಂಗಡಿಯಲ್ಲಿ ತೂಗಿ ಕೊಡುವ ಬಿಡಿ ಬೇಳೆಗೆ ಈ ತೆರಿಗೆ ಇಲ್ಲ. ರಿಯಾಯಿತಿ ಕಳೆದ ಪೊಟ್ಟಣಕ್ಕಿಂತ ಅದೇ ಎಷ್ಟೋ ಸಲ ಅಗ್ಗ. ಇನ್ನೊಂದೆಡೆ, ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್‌ಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಂದು ಶೇಕಡಾ 18ರಿಂದ 5ಕ್ಕೆ ಇಳಿಯಿತು. ಅದಕ್ಕೆ ಸ್ವಲ್ಪ ಮುಂಚೆ ಸಣ್ಣಪುಟ್ಟ ರಿಯಾಯಿತಿ ನೋಡಿ ವರ್ಷದ ಸೋಪು ತುಂಬಿಕೊಂಡವರಿಗೆ ಆ ರಿಯಾಯಿತಿ ದಕ್ಕಿದಂತಾಗಲಿಲ್ಲ.

ಮುಂಗಡವಾಗಿ ಮೂರು ತಿಂಗಳ ಹಣ ಹಾಕುವ ಶಕ್ತಿ ದಿನಗೂಲಿಯವರಿಗೆ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಅಂಥವರು ನಾಲ್ಕೈದು ಮನೆಯವರು ಕೂಡಿ ಒಂದು ಮೂಟೆ ಅಕ್ಕಿ, ಒಂದು ಡಬ್ಬ ಎಣ್ಣೆಯನ್ನು ಸಗಟು ಅಂಗಡಿಯಲ್ಲಿ ಕೊಂಡು ಹಂಚಿಕೊಳ್ಳಬಹುದು. ಸ್ವಸಹಾಯ ಸಂಘಗಳಿರುವ ಬಡಾವಣೆಗಳಲ್ಲಿ ಇದು ಇನ್ನೂ ಸುಲಭ.

ತೂಕ, ಅಳತೆಗಳ ನಿಯಮ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಯವರಲ್ಲಿ ನನ್ನ ಮನವಿ ಇಷ್ಟು: ರಿಯಾಯಿತಿ ಚೀಟಿ ಅಂಟಿಸುವ ಪ್ರತಿ ಮಳಿಗೆಯೂ ಅದೇ ಚೀಟಿಯಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ, ರಿಯಾಯಿತಿ ಕಳೆದ ಮೇಲಿನ ಕಿಲೋ ಅಥವಾ ಲೀಟರ್ ದರವನ್ನೂ ಬಾಳಿಕೆಯ ಕೊನೆಯ ದಿನಾಂಕವನ್ನೂ ಕನ್ನಡದಲ್ಲಿ ಬರೆಯುವಂತೆ ಮಾಡಬೇಕು. ಅದಕ್ಕೆ ಬೇಕಾದ ನಿಯಮ ಕೇಂದ್ರದಿಂದಲೇ ಬರಬೇಕಾದರೆ ರಾಜ್ಯ ಸರ್ಕಾರ ಅಲ್ಲಿಗೆ ಬರೆಯಲಿ. ತಮ್ಮಲ್ಲಿಯೂ ಒಂದು ವಿನಂತಿ ಇದೆ. ಎಪಿಎಂಸಿಯ ಸಗಟು ಪೇಟೆ ಧಾರಣೆ ಪತ್ರಿಕೆಗಳಲ್ಲಿ ಬರುತ್ತದೆ. ಅದರ ಪಕ್ಕದಲ್ಲಿ ವಾರಕ್ಕೊಮ್ಮೆಯಾದರೂ ಅಕ್ಕಿ, ತೊಗರಿಬೇಳೆ, ಸಕ್ಕರೆ, ಎಣ್ಣೆಗಳ ಚಿಲ್ಲರೆ ಕಿಲೋ ದರವನ್ನು ಊರುವಾರು ಪ್ರಕಟಿಸಿದರೆ, ಜಾಹೀರಾತು ಬಂದ ದಿನವೇ ಓದುಗರು ಎರಡನ್ನೂ ಹೋಲಿಸಿ ನೋಡಬಹುದು.

— ಒಬ್ಬ ಗೃಹಿಣಿ, ತುಮಕೂರು