ದರ್ಭಂಗಾದ ಕಾಕಿಗೆ, ಮತ್ತೆ ನಿಮಗೆಲ್ಲ

ಶುಕ್ರವಾರ ನನ್ನ ಪ್ರಬಂಧದ ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿಯಿತು. ದರ್ಭಂಗಾದ ಮಹಾರಾಜಾಧಿರಾಜ ಕಾಮೇಶ್ವರ ಸಿಂಗ್ ಅವರ ಬದುಕಿನ ಬಗ್ಗೆ ನಾನು ಬರೆದ ಪ್ರಬಂಧವನ್ನು ಪರೀಕ್ಷಕರು ಒಪ್ಪಿಕೊಂಡರು. ಅವತ್ತಿನಿಂದ ನಿಮ್ಮ ಫೋನು, ಮೆಸೇಜು ಬರುತ್ತಲೇ ಇವೆ. ಒಬ್ಬೊಬ್ಬರಿಗೇ ಉತ್ತರಿಸಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

"ಬಿಹಾರದ ಜಮೀನ್ದಾರನ ಉಸಾಬರಿ ನಿನಗ್ಯಾಕೆ?" ಅಂತ ಕೇಳಿದವರು ತುಂಬಾ ಜನ. ನಾನು ಕಾಸರಗೋಡಿನ ಕಡೆಯವಳು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕೇಸು ನಮ್ಮಲ್ಲಿ ಮನೆಮಾತು. ಮಠದ ಜಮೀನಿನಿಂದ ಶುರುವಾದ ಆ ಕೇಸಿನಲ್ಲೇ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂಬ 1973ರ ತೀರ್ಪು ಬಂತು. ಅದರ ಬೇರು ಹುಡುಕುತ್ತಾ ಹಿಂದಕ್ಕೆ ಹೋದರೆ 1950ರ ಬಿಹಾರ ಸಿಗುತ್ತದೆ, ಅಲ್ಲಿ ಕಾಮೇಶ್ವರ ಸಿಂಗ್ ಸಿಗುತ್ತಾರೆ.

ಹೆಸರಿಗೆ ಮಹಾರಾಜರು. ಆದರೆ ದರ್ಭಂಗಾ ನಮ್ಮ ಮೈಸೂರಿನ ಹಾಗೆ ಸಂಸ್ಥಾನವಲ್ಲ, ಸುಮಾರು 2,400 ಚದರ ಮೈಲಿ ಹರಡಿದ್ದ ಜಮೀನ್ದಾರಿ. 1929ರಲ್ಲಿ ತಂದೆ ತೀರಿಕೊಂಡಾಗ ಅಷ್ಟೂ 21ರ ಹುಡುಗನ ಕೈಗೆ ಬಂತು. ಮುಂದಿನ ವರ್ಷವೇ ಲಂಡನ್ನಿನ ದುಂಡುಮೇಜಿನ ಪರಿಷತ್ತು. ಪಾಟ್ನಾದಿಂದ ಇಂಗ್ಲಿಷಿನಲ್ಲಿ 'ಇಂಡಿಯನ್ ನೇಷನ್', ಹಿಂದಿಯಲ್ಲಿ 'ಆರ್ಯಾವರ್ತ' ದಿನಪತ್ರಿಕೆಗಳು. ಆಮೇಲೆ ಸಂವಿಧಾನ ಸಭೆ, ರಾಜ್ಯಸಭೆ.

ನನ್ನನ್ನು ಹಿಡಿದು ಕೂರಿಸಿದ ಸಂಗತಿ ಒಂದೇ. ಸಂವಿಧಾನ ಸಭೆಯಲ್ಲಿ ಕೂತಿದ್ದವರೇ ಆ ಸಂವಿಧಾನ ಹಿಡಿದುಕೊಂಡು, ಜಮೀನ್ದಾರಿಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳುವ ಬಿಹಾರದ ಭೂಸುಧಾರಣಾ ಕಾಯಿದೆಯ ವಿರುದ್ಧ ಕೋರ್ಟಿಗೆ ಹೋದರು. ತೀರಾ ಸಣ್ಣ ಜಮೀನ್ದಾರನಿಗೆ ನಿವ್ವಳ ಆದಾಯದ 20 ಪಟ್ಟು ಪರಿಹಾರ, ದೊಡ್ಡವನಿಗೆ ಬರೀ 3 ಪಟ್ಟು. ಇದು ಸಮಾನತೆಯೇ ಎಂಬುದು ವಾದ. 1951ರ ಮಾರ್ಚಿನಲ್ಲಿ ಪಾಟ್ನಾ ಹೈಕೋರ್ಟ್ ಕಾಯಿದೆಯನ್ನು ಹೊಡೆದುಹಾಕಿತು. ಜೂನ್ ಹೊತ್ತಿಗೆ ಸಂವಿಧಾನಕ್ಕೆ ಮೊದಲ ತಿದ್ದುಪಡಿಯೇ ಬಂದುಬಿಟ್ಟಿತು. ಮೂಲಭೂತ ಹಕ್ಕಿನ ಹೆಸರಲ್ಲಿ ಕೋರ್ಟು ರದ್ದು ಮಾಡದಂತೆ ಕಾಯಿದೆಗಳನ್ನು ಸೇರಿಸಿಡುವ ಪಟ್ಟಿ, ಒಂಬತ್ತನೇ ಶೆಡ್ಯೂಲ್, ಹುಟ್ಟಿದ್ದು ಆಗ. ಅದೇ ತಿದ್ದುಪಡಿ ಮಾತಿನ ಸ್ವಾತಂತ್ರ್ಯಕ್ಕೂ ಹೊಸ ಮಿತಿ ಹಾಕಿತು. ಜಮೀನು, ಪತ್ರಿಕೆ ಎರಡೂ ಇದ್ದ ಮನುಷ್ಯನಿಗೆ ಎರಡೂ ಕಡೆಯಿಂದ ಬಿಸಿ ತಟ್ಟಿತು. 1952ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಎರಡು ಅಂಶಗಳು ಬಿದ್ದುಹೋದವು, ಕಾಯಿದೆ ಮಾತ್ರ ನಿಂತಿತು.

ಇದನ್ನೆಲ್ಲ ಬರೆಯುವಾಗ ಜೊತೆಗಿದ್ದ ಗೈಡ್ ಮೇಡಂ, ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಬೇಸರಿಸದೆ ಹುಡುಕಿಕೊಟ್ಟ ಲೈಬ್ರರಿಯ ಸಿಬ್ಬಂದಿ, ಕರಡು ತಿದ್ದಿದ ಗೆಳತಿಯರು, ಮನೆ ನೋಡಿಕೊಂಡ ಅಣ್ಣ, ಅತ್ತಿಗೆ, ಎಲ್ಲರಿಗೂ ಕೈಮುಗಿಯುತ್ತೇನೆ.

ಇನ್ನು ಕಾಕಿ.

ದರ್ಭಂಗಾದಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಅವರು. ಎಂಬತ್ತರ ಹತ್ತಿರದ ವಯಸ್ಸು. ಆನಂದಬಾಗ್ ಅರಮನೆ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಆ ಅರಮನೆಯನ್ನು ಮಹಾರಾಜರು ಸಂಸ್ಕೃತ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 1961ರಲ್ಲಿ ಅದು ಶುರುವಾಯಿತು, ಇವತ್ತಿಗೂ ಅವರ ಹೆಸರಲ್ಲೇ ಇದೆ. ಹಗಲೆಲ್ಲ ನಾನು ಅಲ್ಲಿಯೇ ಸುತ್ತಿ, ರಾತ್ರಿ ಕಾಕಿಯ ಅಡುಗೆ ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದೆ. ನನ್ನನ್ನು ಬುಚ್ಚಿ ಅಂತ ಕರೆಯುತ್ತಿದ್ದರು.

ಅಮ್ಮನ ಸುದ್ದಿ ಬಂದ ರಾತ್ರಿ ನಾನು ಆ ಮನೆಯಲ್ಲಿದ್ದೆ. ಏನಾಯಿತು ಅನ್ನುವುದು ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಬೆಳಗಿನವರೆಗೆ ಹೊರಡಲು ದಾರಿ ಇರಲಿಲ್ಲ. ನಾನು ನೆಲದ ಮೇಲೆ ಕೂತುಬಿಟ್ಟೆ. ಕಾಕಿ ಚಾಪೆ ತಂದು ಪಕ್ಕದಲ್ಲಿ ಹಾಸಿ ಕೂತರು. "ಅಳಬೇಡ" ಅನ್ನಲಿಲ್ಲ. "ದೇವರಿದ್ದಾನೆ" ಅಂತಲೂ ಅನ್ನಲಿಲ್ಲ. ನನ್ನ ಕಾಲು ತಣ್ಣಗಾಗಿತ್ತು, ಅದನ್ನು ತಮ್ಮ ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡರು. ಬೆಳಗಾಗುವವರೆಗೆ ಮಾತಾಡುತ್ತಲೇ ಇದ್ದರು. ನಾನು ಸುಮ್ನೆ ಕೇಳುತ್ತಿದ್ದೆ.

ಅವರ ಅಪ್ಪ ದರ್ಭಂಗಾ ರಾಜ್‌ನ, ಅಂದರೆ ಮಹಾರಾಜರ ಜಮೀನ್ದಾರಿಯ, ಒಕ್ಕಲು. ಗಂಡ ಪಾಟ್ನಾದಲ್ಲಿ 'ಆರ್ಯಾವರ್ತ'ದ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಜಮೀನ್ದಾರಿ ಹೋದ ಮೇಲೆ ಅಪ್ಪ ಕಂದಾಯವನ್ನು ನೇರ ಸರ್ಕಾರಕ್ಕೇ ಕಟ್ಟಿದರಂತೆ. ಮೊದಲ ರಸೀದಿಯನ್ನು ಮನೆಯವರೆಲ್ಲ ಮುಟ್ಟಿ ನೋಡಿದ್ದರಂತೆ. ಅಂಥ ಮನೆಯ ಹುಡುಗಿಯನ್ನು ಮಹಾರಾಜರ ಪತ್ರಿಕೆಯ ಸಂಬಳ ತಿನ್ನುವ ಹುಡುಗನಿಗೆ ಕೊಟ್ಟರು. ಗಂಡ ಊರಿಗೆ ಬರುವಾಗ ಆ ಕಡೆಯ ಭಾಷೆಯಾದ ಮೈಥಿಲಿಯ 'ಮಿಥಿಲಾ ಮಿಹಿರ್' ತಂದುಕೊಡುತ್ತಿದ್ದರು. ಅದೂ ದರ್ಭಂಗಾ ರಾಜ್‌ನದೇ ಪತ್ರಿಕೆ. ಕಾಕಿ ಓದು ಗಟ್ಟಿ ಮಾಡಿಕೊಂಡದ್ದು ಅದರಿಂದಲೇ.

1962ರ ಅಕ್ಟೋಬರ್ 1ರಂದು ಮಹಾರಾಜರು ತೀರಿಕೊಂಡರು. ನವರಾತ್ರಿಯ ದಿನಗಳು. ಆಗಿನ್ನೂ 54. ಮಕ್ಕಳಿರಲಿಲ್ಲ. "ರಸೀದಿ ಬಂದ ದಿನ ಅಪ್ಪ ಸಿಹಿ ಹಂಚಿದ್ದರು. ಮಹಾರಾಜರು ಹೋದ ದಿನ ಅದೇ ಅಪ್ಪ ಊಟ ಬಿಟ್ಟರು" ಅಂದರು ಕಾಕಿ. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ವಿವರಿಸಲಿಲ್ಲ. ನನ್ನ ಕೊನೆಯ ಅಧ್ಯಾಯ ನಿಂತಿರುವುದು ಈ ಮಾತಿನ ಮೇಲೆ. ಕೋರ್ಟಿನ ಕಾಗದಗಳಲ್ಲಿ ಕಾಮೇಶ್ವರ ಸಿಂಗ್ ಒಬ್ಬ ಅರ್ಜಿದಾರ. ಕಾಯಿದೆ ನ್ಯಾಯವಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಹೆಸರಿಗೆ ಅಂಟಿಕೊಂಡಿದ್ದ ಅನ್ನ, ಭಯ, ಓದು, ಋಣ ಎಲ್ಲವನ್ನೂ ಕಾಕಿ ಆ ರಾತ್ರಿ ನನ್ನ ಮುಂದಿಟ್ಟರು. ನಾನು ಕುಸಿದು ಹೋಗದ ಹಾಗೆ ಹಿಡಿದಿಡಲು ಅವರ ಹತ್ತಿರ ಇದ್ದದ್ದು ಅವರ ಬದುಕಿನ ಕಥೆ. ಅದನ್ನೇ ಕೊಟ್ಟರು.

ನಾನು ತಲುಪುವಷ್ಟರಲ್ಲಿ ಅಮ್ಮ ಇರಲಿಲ್ಲ. ಅಮ್ಮಾ, ನೀನು ಇರಬೇಕಿತ್ತು. ವೈವಾದ ದಿನ ನಿನ್ನ ಸೀರೆಯನ್ನೇ ಉಟ್ಟಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದಾಗ ನನಗೆ ಯಾರ ಮುಖವೂ ಸರಿಯಾಗಿ ಕಾಣಲಿಲ್ಲ.

ಅಮ್ಮನ ಕೆಲಸಗಳೆಲ್ಲ ಮುಗಿದ ಮೇಲೂ ಕಾಕಿ ಬಿಡಲಿಲ್ಲ. ವಾರಕ್ಕೊಮ್ಮೆ ಅವರ ಮೊಮ್ಮಗನ ಫೋನಿನಿಂದ ಕರೆ ಬರುತ್ತಿತ್ತು. ಮೊದಲು "ಊಟ ಆಯ್ತಾ ಬುಚ್ಚಿ?" ಆಮೇಲೆ "ಬರೆದೆಯಾ?" ಬರೆದಿಲ್ಲ ಅಂದರೆ ಬೈಯುತ್ತಿರಲಿಲ್ಲ, ಮುಂದಿನ ವಾರ ಮತ್ತೆ ಕೇಳುತ್ತಿದ್ದರು. ಪ್ರಬಂಧ ಮುಗಿದದ್ದು ಹಾಗೆ.

ಮೊದಲ ಪುಟದಲ್ಲಿ ಅಮ್ಮನ ಹೆಸರಿದೆ, ಅದರ ಕೆಳಗೆ ಕಾಕಿಯ ಹೆಸರು. ಮುಂದಿನ ತಿಂಗಳು ಒಂದು ಪ್ರತಿ ತೆಗೆದುಕೊಂಡು ದರ್ಭಂಗಾಕ್ಕೆ ಹೋಗುತ್ತಿದ್ದೇನೆ. ಕೊನೆಯ ಅಧ್ಯಾಯವನ್ನು ಹಿಂದಿಯಲ್ಲಿ ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಇನ್ನೊಂದು ಪ್ರತಿ ನಮ್ಮ ವಿಭಾಗದ ಲೈಬ್ರರಿಯಲ್ಲಿದೆ. ಓದಬೇಕು ಅನ್ನುವವರು ನನಗೊಂದು ಮೆಸೇಜು ಹಾಕಿ, ಪಿಡಿಎಫ್ ಕಳಿಸುತ್ತೇನೆ.