ಎಂ.ಕಾಂ. ಮುಗಿಸಿದ ಹೊತ್ತಿನಲ್ಲಿ ಸಲ್ಲಬೇಕಾದ ಕೃತಜ್ಞತೆ

ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ, ಅಂದರೆ ಮಂಗಳೂರು ವಿಶ್ವವಿದ್ಯಾನಿಲಯದ ಆವರಣದಲ್ಲಿ, ಎಂ.ಕಾಂ. ಮುಗಿಸಿ, ಮಂಗಳೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸಕ್ಕೆ ಸೇರಿರುವ ಈ ಸಂದರ್ಭದಲ್ಲಿ, ನನ್ನನ್ನು ಇಲ್ಲಿಯವರೆಗೆ ಕೈಹಿಡಿದು ನಡೆಸಿದವರಿಗೆ ಬಹಿರಂಗವಾಗಿಯೇ ಕೃತಜ್ಞತೆ ಸಲ್ಲಿಸಬೇಕೆನಿಸಿದೆ. ನಮ್ಮ ಮನೆಯಲ್ಲಿ ಪದವಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಮ್ಮ ಬೀಡಿ ಕಟ್ಟುತ್ತಾರೆ. ಅಪ್ಪ ಮಲ್ಪೆಯ ಬೋಟುಗಳಲ್ಲಿ ದುಡಿದವರು. ಓದಬೇಡವೆಂದು ಅವರಿಬ್ಬರೂ ಎಂದೂ ಹೇಳಲಿಲ್ಲ. ಆದರೆ ಯಾವ ಅರ್ಜಿಯನ್ನು ಯಾವಾಗ ಹಾಕಬೇಕು, ಕಾಲೇಜಿನಲ್ಲಿ ಯಾರ ಬಳಿ ಏನನ್ನು ಕೇಳಬೇಕು ಎಂಬುದನ್ನು ಹೇಳಿಕೊಡುವುದು ಅವರಿಂದಾಗುವ ಮಾತಾಗಿರಲಿಲ್ಲ. ಓದಿದವರ ಮನೆಗಳಲ್ಲಿ ಊಟದ ಹೊತ್ತಿನ ಮಾತುಕತೆಯಲ್ಲೇ ಮಕ್ಕಳ ಕಿವಿಗೆ ಬೀಳುವ ಈ ಸಂಗತಿಗಳನ್ನು ನನಗೆ ಒಂದೊಂದಾಗಿ ತಿಳಿಸಿಕೊಟ್ಟವರು, ಉಡುಪಿ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ನನ್ನ ಮೆಂಟರ್ (ಮಾರ್ಗದರ್ಶಕಿ) ಆಗಿದ್ದ ಮೇಡಂ.

ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನ ಮೌಲ್ಯಮಾಪನದಲ್ಲಿ ಮೆಂಟರ್ ವ್ಯವಸ್ಥೆಯನ್ನೂ ಪರಿಗಣಿಸುವುದರಿಂದ ಈಗ ಎಲ್ಲ ಕಡೆಯೂ ಮೆಂಟರ್ ಇರುತ್ತಾರೆ, ಅವರ ಬಳಿ ಒಂದು ಫೈಲೂ ಇರುತ್ತದೆ. ತಜ್ಞರ ತಂಡ ಬರುವ ಮುನ್ನ ಆ ಫೈಲುಗಳು ಹೇಗೆ ತುಂಬುತ್ತವೆ ಎಂಬುದು ಬಲ್ಲವರಿಗೆ ಗೊತ್ತು. ಮೇಡಂ ಮಾತ್ರ ನಮ್ಮನ್ನು ನಿಜವಾಗಿಯೂ ಗಮನಿಸುತ್ತಿದ್ದರು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಕಾಸ್ಟ್ ಅಕೌಂಟಿಂಗ್‌ನಲ್ಲಿ ತಡವರಿಸುತ್ತಿದ್ದಾಗ, ನನಗೆ ಬಾರದಿರುವುದು ಲೆಕ್ಕವಲ್ಲ, ಇಂಗ್ಲಿಷಿನ ಪ್ರಶ್ನೆ ಎಂದು ಗುರುತಿಸಿದವರು ಅವರು. ಹಳೆಯ ಪ್ರಶ್ನೆಪತ್ರಿಕೆಗಳ ಪ್ರತಿಯೊಂದು ಪ್ರಶ್ನೆಯನ್ನೂ ಮೊದಲು ಕನ್ನಡದಲ್ಲಿ ನನ್ನಿಂದ ಹೇಳಿಸಿ, ಆಮೇಲಷ್ಟೇ ಲೆಕ್ಕಕ್ಕೆ ಕೈಹಚ್ಚಲು ಬಿಡುತ್ತಿದ್ದರು. ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ, ವಿದ್ಯಾರ್ಥಿವೇತನ ಮಂಜೂರಾಗಿದ್ದರೂ ಹಣ ಬಾರದಿದ್ದಾಗ, ಖಾತೆಗೆ ಆಧಾರ್ ಸಂಖ್ಯೆ ಕೊಟ್ಟರಷ್ಟೇ ಸಾಲದು, ಅದು ಎನ್‌ಪಿಸಿಐಯಲ್ಲಿಯೂ (ಬ್ಯಾಂಕ್ ಪಾವತಿಗಳನ್ನು ನಿರ್ವಹಿಸುವ ರಾಷ್ಟ್ರೀಯ ನಿಗಮ) ಜೋಡಣೆಯಾಗಿರಬೇಕು ಎಂದು ವಿವರಿಸಿ, ಬ್ಯಾಂಕಿಗೆ ಕೊಡಬೇಕಾದ ಪತ್ರವನ್ನು ನನ್ನ ಕೈಯಲ್ಲೇ ಬರೆಯಿಸಿದರು.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಋಣಿಯಾಗಿರುವುದು ಅಂತಿಮ ವರ್ಷದ ಸಲಹೆಗೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಸೇರಿದ ಮೊದಲ ತಂಡ ನಮ್ಮದು. ಮೂರು ವರ್ಷಕ್ಕೆ ಪದವಿ, ನಾಲ್ಕನೆಯ ವರ್ಷವೂ ಓದಿದರೆ ಆನರ್ಸ್ ಎಂದಿದ್ದ ವ್ಯವಸ್ಥೆಯನ್ನು, ನಾವು ಮುಗಿಸುವ ಹೊತ್ತಿಗೆ, 2024ರಲ್ಲಿ, ರಾಜ್ಯ ಸರ್ಕಾರ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಯಾರನ್ನು ಕೇಳಿದರೂ ಬೇರೆ ಬೇರೆ ಉತ್ತರ ಬರುತ್ತಿದ್ದ ಆ ದಿನಗಳಲ್ಲಿ ಮೇಡಂ ನನ್ನ ಮುಂದಿದ್ದ ದಾರಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು: ಎರಡು ವರ್ಷದ ಎಂ.ಕಾಂ.; ಬಿ.ಕಾಂ.ನಲ್ಲಿ ಶೇ. 55 ಅಂಕವಿದ್ದರೆ ಫೌಂಡೇಷನ್ ಪರೀಕ್ಷೆಯಿಲ್ಲದೆ ನೇರವಾಗಿ ಸಿಎ (ಲೆಕ್ಕಪರಿಶೋಧಕ) ಕೋರ್ಸಿನ ಇಂಟರ್‌ಮೀಡಿಯೆಟ್; ಬೋಧನೆಯಲ್ಲಿ ಆಸಕ್ತಿಯಿದ್ದರೆ ಎಂ.ಕಾಂ. ಬಳಿಕ ಕಾಲೇಜು ಬೋಧನೆಯ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್. ಪ್ರತಿಯೊಂದರ ಎದುರಿಗೆ ತಗಲುವ ವರ್ಷ, ಶುಲ್ಕ ಮತ್ತು ದುಡಿಮೆ ಶುರುವಾಗುವ ಕಾಲವನ್ನು ನಮೂದಿಸಿದ್ದರು. ಅಮ್ಮನನ್ನು ಕರೆಸಿ, ಇನ್ನೆರಡು ವರ್ಷ ಮಗಳು ಗಳಿಸುವುದಿಲ್ಲ ಎಂಬುದನ್ನು ತುಳುವಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು. ತೀರ್ಮಾನವನ್ನು ಮಾತ್ರ ಕೊನೆಯವರೆಗೂ ಅವರು ಹೇಳಲಿಲ್ಲ; ಆಗ ನನಗೆ ಅದು ನಿಷ್ಠುರವೆನಿಸಿದ್ದುಂಟು.

ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ವಿದ್ಯಾರ್ಥಿವೇತನವಿದೆಯೆಂದೂ ಅದಕ್ಕೆ ಅಮ್ಮನ ಕಾರ್ಮಿಕ ಗುರುತಿನ ಚೀಟಿ ಬೇಕೆಂದೂ ತಿಳಿಸಿದ ಹಿರಿಯ ವಿದ್ಯಾರ್ಥಿನಿಗೆ, ಪಠ್ಯಪುಸ್ತಕಗಳನ್ನು ಗಡುವು ಮೀರಿ ಇಟ್ಟುಕೊಳ್ಳಲು ಬಿಟ್ಟ ಗ್ರಂಥಪಾಲಕರಿಗೆ, ಹಾಸ್ಟೆಲಿನ ಗೆಳತಿಯರಿಗೆ ನನ್ನ ವಂದನೆಗಳು. ಸಭಾಂಗಣದಲ್ಲಿ ಸ್ಫೂರ್ತಿಯ ಭಾಷಣ ಮಾಡಿ ಹೋದ ಅತಿಥಿಗಳನ್ನು ಗೌರವದಿಂದಲೇ ನೆನೆಯುತ್ತೇನೆ, ಆದರೆ ಅವರು ಹೇಳಿದ್ದೊಂದೂ ಈಗ ನೆನಪಿಲ್ಲ.

ಮೇಡಂ ಅತಿಥಿ ಉಪನ್ಯಾಸಕಿ. 2023ರ ಕೊನೆಯಲ್ಲಿ ಸೇವೆ ಖಾಯಂಗೊಳಿಸುವಂತೆ ಒತ್ತಾಯಿಸಿ ರಾಜ್ಯದ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದಾಗ ಅವರೂ ಧರಣಿಯಲ್ಲಿ ಕುಳಿತಿದ್ದರು. ಸಂಜೆ ಮನೆಗೆ ಮರಳಿ ಫೋನಿನಲ್ಲಿ ನಮ್ಮ ಸಂದೇಹಗಳಿಗೆ ಉತ್ತರಿಸುತ್ತಿದ್ದರು. ಇಂದಿಗೂ ಅವರ ಹುದ್ದೆ ಖಾಯಂ ಆಗಿಲ್ಲ. ನಮಗಾಗಿ ಅವರು ವ್ಯಯಿಸಿದ ಗಂಟೆಗಳಲ್ಲಿ ಒಂದೂ ಕಾರ್ಯಭಾರದ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ, ಈ ಬರಹದ ಒಂದು ಪ್ರತಿಯನ್ನು ಅವರ ಸೇವಾ ಕಡತದಲ್ಲಿ ಇರಿಸುವಂತೆ ಕೋರಿ ಪ್ರಾಂಶುಪಾಲರಿಗೂ ಸಲ್ಲಿಸಿದ್ದೇನೆ.